ನೂರನೆಯ ಜಾಗದ ಕೆರೆ

ನಮ್ಮ ಊರಿನ ನೆಲದ ಮೇಲೆ ಏನಿದೆ ಎಂಬುದನ್ನು ಆಕಾಶದಿಂದ ತೀರ್ಮಾನಿಸಲಾಗುತ್ತದೆ. ಇದಕ್ಕಾಗಿ ಭೂಬಳಕೆ ಕಚೇರಿಯವರು ವಿಮಾನದಿಂದ ಫೋಟೊ ತೆಗೆಸಿ, ಕಟ್ಟಡಕ್ಕೆ ಕೆಂಪು, ಹೊಲಕ್ಕೆ ಹಸಿರು, ನೀರಿಗೆ ನೀಲಿ ಹಚ್ಚಿ ನಕ್ಷೆ ಮಾಡಿದರು. ಫೋಟೊ ತೆಗೆದ ದಿನ ಇಸ್ತ್ರಿ ಅಂಗಡಿಯವನು ಸೋರುವ ಚಾವಣಿಗೆ ನೀಲಿ ಟಾರ್ಪಾಲು ಹೊದಿಸಿದ್ದ. ಆದ್ದರಿಂದ ಅವನ ಅಂಗಡಿ ಕೆರೆಯಾಯಿತು.

ಕೆರೆಯಲ್ಲಿ ಅಂಗಡಿ ನಡೆಸುವಂತಿಲ್ಲವೆಂದು ಪರವಾನಗಿಯ ನವೀಕರಣ ನಿಂತುಹೋಯಿತು. ಹದಿನೆಂಟು ವರ್ಷ ಒಂದೇ ಮೇಜಿನ ಮೇಲೆ ಊರಿನ ಸುಕ್ಕು ಬಿಡಿಸಿದವನು, ಪಾಪ, ಕಂಗಾಲಾದ. ಟಾರ್ಪಾಲು ಮಡಚಿ ಕಂಕುಳಲ್ಲಿಟ್ಟುಕೊಂಡು ಕಚೇರಿಗೆ ಓಡಿದ.

"ಸಾರ್, ನಿಮ್ಮ ಕೆರೆ ಇದೇ. ಬೇಕಾದ್ರೆ ಇಟ್ಕೊಳ್ಳಿ."

ಮುಖ್ಯಾಧಿಕಾರಿ ನಿಯಮ ಓದಿದರು: "ನಕ್ಷೆಗೂ ನೆಲಕ್ಕೂ ವ್ಯತ್ಯಾಸ ಕಂಡುಬಂದಲ್ಲಿ, ನೆಲವು ಅನುಮತಿಯಿಲ್ಲದೆ ಬದಲಾಗಿದೆಯೆಂದು ಭಾವಿಸತಕ್ಕದ್ದು." ಆಮೇಲೆ ಸಮಾಧಾನವನ್ನೂ ಹೇಳಿದರು. "ನಿಖರತೆ ತಪಾಸಣೆ ಇದೆಯಲ್ಲಪ್ಪಾ. ತಪಾಸಕರು ಬಂದು ಕಣ್ಣಾರೆ ನೋಡ್ತಾರೆ."

ತಪಾಸಣೆ ಎಂದರೆ, ನಕ್ಷೆಯಲ್ಲಿರುವುದು ನೆಲದಲ್ಲೂ ಇದೆಯೇ ಎಂದು ನೂರು ಕಡೆ ಹೋಗಿ ನೋಡುವುದು. ಎಂಬತ್ತೈದು ಸರಿಯಿದ್ದರೆ ನಕ್ಷೆ ಪಾಸು. ತಪಾಸಕರು ಸಜ್ಜನರು, ಕಾಣದ್ದನ್ನು ಬರೆಯುವವರಲ್ಲ. ತೊಂಬತ್ತೊಂಬತ್ತು ಕಡೆ ಅಲೆದು, ಎಂಬತ್ತನಾಲ್ಕಕ್ಕೆ ಸರಿ ಗುರುತು ಹಾಕಿ, ಕೊನೆಗೆ ಇಸ್ತ್ರಿ ಅಂಗಡಿಗೆ ಬಂದರು. ಜೊತೆಯಲ್ಲಿ ಮುಖ್ಯಾಧಿಕಾರಿಯೂ ಉಸಿರು ಬಿಗಿಹಿಡಿದು ಬಂದಿದ್ದರು.

ದೊಡ್ಡವರು ಬರುತ್ತಾರೆಂದು ಅಂಗಡಿಯವನ ಹೆಂಡತಿ ಬೆಳಗ್ಗೆಯಿಂದ ಗುಡಿಸಿ, ಧೂಳು ಹೊಡೆದು, ಸರಿಯಾಗಿ ಅವರು ಬರುವ ಹೊತ್ತಿಗೆ ನೆಲ ಒರೆಸಿ ಮುಗಿಸಿದ್ದಳು. ತಪಾಸಕರು ಹೊಸ್ತಿಲಲ್ಲೇ ಜಾರಿದರು.

"ಇದೇನಮ್ಮಾ?"

"ನೀರು ಸಾರ್. ಈಗಷ್ಟೇ..."

"ನೀರು," ಎಂದು ತಪಾಸಕರು ಬರೆದುಕೊಂಡರು. ಮುಖ್ಯಾಧಿಕಾರಿ ಉಸಿರು ಬಿಟ್ಟರು.

"ಇವತ್ತೇ ಒರೆಸ್ಬೇಕಿತ್ತಾ ನೀನು?" ಎಂದ ಅಂಗಡಿಯವನು.

"ಒರೆಸು ಒರೆಸು ಅಂತ ತಲೆ ತಿಂದವರು ನೀವೇ ಅಲ್ವಾ ರೀ!" ಅವಳಿಗೆ ಅಳುವೇ ಬಂತು.

ಕಚೇರಿಗೆ ಕರುಣೆಯಿಲ್ಲವೆಂದು ಯಾರೂ ಹೇಳಬಾರದು. ಕೆರೆಯಲ್ಲಿ ಅಂಗಡಿಗೆ ಪರವಾನಗಿಯಿಲ್ಲ, ಆದರೆ ದೋಣಿಗಿದೆ ಎಂದು ಮುಖ್ಯಾಧಿಕಾರಿ ಅಲ್ಲೇ ದಾರಿ ತೋರಿಸಿದರು. ವಾರದೊಳಗೆ ಇಸ್ತ್ರಿ ಮೇಜು ದೋಣಿಯೆಂದು ನೋಂದಣಿಯಾಯಿತು. ಷರತ್ತು ಒಂದೇ, ಕೆಲಸದ ವೇಳೆ ಲೈಫ್ ಜಾಕೆಟ್ ತೊಟ್ಟಿರತಕ್ಕದ್ದು.

ಈಗ ವ್ಯಾಪಾರ ಮೊದಲಿನಂತೆಯೇ ಇದೆ, ಸೆಕೆ ಮಾತ್ರ ಸ್ವಲ್ಪ ಜಾಸ್ತಿ. ಮೊನ್ನೆ ತಪಾಸಕರೇ ತಮ್ಮ ಅಂಗಿ ಒಯ್ಯಲು ಬಂದರು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡರು.

"ಇಷ್ಟು ಸಾಕೇನಪ್ಪಾ?"

ಅಂಗಡಿಯವನು ಒಣ ನೆಲವನ್ನೊಮ್ಮೆ ನೋಡಿದ.

"ಇನ್ನೂ ಸ್ವಲ್ಪ ಮೇಲಕ್ಕೆತ್ಕೊಳ್ಳಿ ಸಾರ್. ಮೇಜಿನ ಹತ್ರ ಆಳ ಇದೆ."