ಹೊವೀತಾಳ ಮರಣ ದಿನಾಂಕದ ತಿದ್ದುಪಡಿ

"ಹೊರಡು ಇನ್ನು. ಮಗಳು ಒಬ್ಬಳೇ ಇದಾಳೆ." ಇದು ಹೊವೀತಾ ತನ್ನ ಗಂಡ ಫಿದೆನ್ಸಿಯೊಗೆ ಹೇಳಿದ ಕೊನೆಯ ಮಾತು. ಹೇಳಿ ಗೋಡೆಯ ಕಡೆ ಹೊರಳಿದಳು. ಅಂದು ಗುರುವಾರ.

ಮಗಳು ಅರಾಸೆಲಿ ಉತ್ತರದಲ್ಲಿದ್ದಳು, ಗಡಿಯಾಚೆ ಅಮೆರಿಕದ ಯಾಕಿಮಾದಲ್ಲಿ. ಚೊಚ್ಚಲ ಬಸುರಿ. ಫಿದೆನ್ಸಿಯೊ ಕೂಡ ಅಲ್ಲಿಯ ಖಾಯಂ ನಿವಾಸಿಯೇ. ಅರ್ಧ ಆಯುಷ್ಯ ಅಲ್ಲಿ ಸೇಬು ಕಿತ್ತವನು. ಕಾಯಿಲೆ ಬಿದ್ದ ಹೆಂಡತಿ ಹುಟ್ಟೂರಲ್ಲಿ ಸಾಯಬೇಕು ಅಂದಳು. ಮೆಕ್ಸಿಕೋಗೆ ಕರೆತಂದ. ಎರಡು ವರ್ಷದೊಳಗೆ ಮರಳತಕ್ಕದ್ದೆಂದು ಉತ್ತರದವರು ಪರವಾನಗಿ ಕೊಟ್ಟಿದ್ದರು. ಅದು ಮುಗಿಯುವುದು ಬರುವ ಸೋಮವಾರ. ಹೊವೀತಾ ದಿನ ನೋಡಿಕೊಂಡೇ ಹೋದಳು ಅನ್ನಬೇಕು.

ಆದರೆ ಆ ಊರಲ್ಲಿ ಸತ್ತವರು ತಕ್ಷಣ ಹೋಗುವುದಿಲ್ಲ. ಹೆಣ ಮಲಗಿಸಿದ ಜಾಗದಲ್ಲಿ ಸುಣ್ಣದ ಶಿಲುಬೆ ಬರೆಯುತ್ತಾರೆ. ಒಂಬತ್ತು ರಾತ್ರಿ ಜಪ. ಕೊನೆಯ ರಾತ್ರಿ ಸುಣ್ಣ ಗುಡಿಸಿ ಶಿಲುಬೆ ಎತ್ತುತ್ತಾರೆ. ಅಲ್ಲಿಯ ತನಕ ಸತ್ತವರು ಮನೆಯಲ್ಲೇ. ಹೆಂಡತಿಯನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗುವ ಗಂಡಸು ಆ ಬೀದಿಯಲ್ಲಿ ಇರಲಿಲ್ಲ. ಶಿಲುಬೆ ಎತ್ತಿದ ಮಾರನೆಯ ದಿನ ಫಿದೆನ್ಸಿಯೊ ಬಸ್ಸು ಹತ್ತಿದ. ಗಡಿಯಲ್ಲಿ ತಡೆದರು. ಮರುಪ್ರವೇಶ ಕಚೇರಿಗೆ ಕಳಿಸಿದರು.

ಅಲ್ಲಿಯ ಅಧಿಕಾರಿ ಮಿಸ್ ಹಾಲ್ವರ್ಸನ್ ಸಭ್ಯ ಹೆಂಗಸು. ಕಾಯಿಲೆಯನ್ನು ಅಂಗೀಕರಿಸಿದಳು. ಮರಣ ತೃಪ್ತಿಕರವಾಗಿದೆ ಎಂದಳು. ಉಳಿದದ್ದು ಆಮೇಲಿನ ದಿನಗಳು.

"ಅಷ್ಟು ದಿನ ನಿಮ್ಮನ್ನ ಯಾರು ತಡೆದ್ರು?"

"ಹೊವೀತಾ."

"ಅವರು ಸತ್ತಿದ್ರಲ್ಲ?"

"ಸತ್ತಿದ್ಲು. ಹೋಗಿರ್ಲಿಲ್ಲ."

ಮಿಸ್ ಹಾಲ್ವರ್ಸನ್ ನಿಯಮದ ಪುಸ್ತಕ ತಿರುವಿದಳು. ರೋಗಿಯು ಮನೆಯಲ್ಲಿರುವ ತನಕ ಶುಶ್ರೂಷಕನು ಉಳಿಯಬಹುದು ಎಂದಿತ್ತು. ರೋಗಿಯು ಜೀವಂತವಾಗಿರತಕ್ಕದ್ದೆಂದು ಪ್ರತ್ಯೇಕವಾಗಿ ಹೇಳಿರಲಿಲ್ಲ. ಆದರೂ ಮನೆಯಲ್ಲಿದ್ದದ್ದಕ್ಕೆ ಸರ್ಕಾರಿ ಮೊಹರು ಬೇಕು ಎಂದಳು.

ಮೊಹರಿಗಾಗಿ ಫಿದೆನ್ಸಿಯೊ ಊರಿಗೆ ಮರಳಿದ. ಅಲ್ಲಿ ಜನನ ಮರಣ ನೋಂದಣಿ ನೋಡುತ್ತಿದ್ದವನು ಲೆಯೊಬಾರ್ದೊ. ಅರಾಸೆಲಿಗೆ ಜ್ಞಾನಸ್ನಾನದ ದಿನ ತಂದೆಯಂತೆ ನಿಂತವನು.

"ಇದಕ್ಯಾಕೆ ಮುಖ ಸಪ್ಪಗೆ ಮಾಡ್ಕೋತೀಯ ಮಾರಾಯ? ಶಿಲುಬೆ ಎತ್ತಿದ ರಾತ್ರಿನೇ ಸತ್ಲು ಅಂತ ಬರೆದ್ರಾಯ್ತು."

"ಹೂಳಿದ್ದು ಅದಕ್ಕಿಂತ ಮುಂಚೆ."

"ಅದಕ್ಕೂ ಒಂದು ಸಾಲು ಹಾಕ್ತೀನಿ ಬಿಡು."

ಸಾಲು ಹೀಗಿತ್ತು: ಸದರಿ ಮಹಿಳೆಯನ್ನು ಜೀವಿತಾವಧಿಯಲ್ಲೇ ಹೂಳಲಾಗಿದ್ದು, ಆಕೆಯ ಕಡೆಯಿಂದ ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ.

ತಿದ್ದುಪಡಿಗೆ ಶುಲ್ಕವಿಲ್ಲ. ಒಂದು ಹುಂಜ ಮಾತ್ರ. ನಿಯಮದಂತೆ ಚಾವಡಿಯ ಬಾಗಿಲಿಗೆ ಪ್ರಕಟಣೆಯನ್ನೂ ಅಂಟಿಸಿದ: "ಶ್ರೀಮತಿ ಹೊವೀತಾ ಈ ಹಿಂದೆ ತಿಳಿಸಿದ ದಿನ ಸತ್ತಿರುವುದಿಲ್ಲ. ಆಗ ಸಂತಾಪ ಸೂಚಿಸಿದವರು ಅದನ್ನು ಹಿಂಪಡೆದು, ಹೊಸದಾಗಿ ಸೂಚಿಸತಕ್ಕದ್ದು."

ಮಿಸ್ ಹಾಲ್ವರ್ಸನ್ ಮೊಹರನ್ನು ಬೆಳಕಿಗೆ ಹಿಡಿದು ನೋಡಿದಳು. ಸಂತೋಷಪಟ್ಟಳು. ಏಳು ದಿನದೊಳಗೆ ಗಡಿ ದಾಟತಕ್ಕದ್ದೆಂದು ವೀಸಾ ಕೊಟ್ಟಳು.

ಚೀಲ ಕಟ್ಟಲು ಫಿದೆನ್ಸಿಯೊ ಊರಿಗೆ ಬಂದ. ಹೊಸ್ತಿಲಲ್ಲಿ ದೋನ್ಯಾ ತೋಮಾಸಾ ಕೂತಿದ್ದಳು. ಊರಿನ ಜಪವೆಲ್ಲ ನಡೆಸುವವಳು ಅವಳೇ. ಪ್ರಕಟಣೆ ಓದಿಸಿಕೊಂಡು ಬಂದಿದ್ದಳು.

"ಬದುಕಿರೋಳಿಗೆ ನನ್ನ ಕೈಲಿ ಜಪ ಮಾಡಿಸ್ದಲ್ಲೋ, ನಾಚಿಕೆಗೆಟ್ಟೋನೆ!"

"ಸತ್ತಿದ್ಲು ತಾಯಿ. ನೀನೇ ಮೈ ತೊಳೆಸಿದ್ದು."

"ನಾನು ತೊಳೆಸಿದ್ದು ಯಾವ ಲೆಕ್ಕ? ಸರ್ಕಾರಕ್ಕಿಂತ ನಂಗೆ ಜಾಸ್ತಿ ಗೊತ್ತಾ? ಮಾಡಿದ್ದೆಲ್ಲ ನೀರುಪಾಲಾಯ್ತು. ಇವತ್ತಿಂದ ಮತ್ತೆ ಒಂಬತ್ತು ರಾತ್ರಿ."

"ನಂಗಿರೋದು ಏಳು ದಿನ."

"ಹಾಗಾದ್ರೆ ಹೋಗು. ಅವಳನ್ನ ಬಾಗಿಲಲ್ಲಿ ನಿಲ್ಸಿ ಹೋಗು."

ಅವನು ಒಳಗೆ ಹೋಗಿ ಶಿಲುಬೆಗೆ ಸುಣ್ಣ ಕಲಸಿದ. ಸಂಜೆ ಕುರ್ಚಿಗಳು ಬಂದವು. ಬೇಕರಿಯವನು ಬನ್ನು ಕಳಿಸಿದ; ವ್ಯಾಪಾರ ಕುದುರಿತೆಂದು ಅವನಿಗೂ ದುಃಖ ಹೆಚ್ಚಾಗಿತ್ತು. ಜನ ಸಾಲಾಗಿ ನಿಂತು ಹಳೆಯ ಸಂತಾಪ ಹಿಂಪಡೆದು ಹೊಸದನ್ನು ಸೂಚಿಸಿದರು. ಮೊದಲ ಸಲಕ್ಕಿಂತ ಚೆನ್ನಾಗಿ ಅತ್ತರು. ರೂಢಿಯಾಗಿತ್ತು.

ಲೆಯೊಬಾರ್ದೊ ಕಾಫಿ ಕುಡಿಯುತ್ತ ಪಕ್ಕ ಸರಿದ. "ಜಪ ಮುಗೀಲಿ, ದಿನಾಂಕ ಇನ್ನೊಂಚೂರು ಮುಂದಕ್ಕೆ ಹಾಕ್ಕೊಡ್ತೀನಿ. ಹೊಸ ವೀಸಾ ಕೊಡ್ತಾರೆ ಬಿಡು."

"ಆಮೇಲೆ ತೋಮಾಸಾ?"

"ಅವಳು ಮತ್ತೆ ಜಪ ಮಾಡ್ತಾಳೆ. ಅವಳ ಕೆಲಸ ಅವಳು ಮಾಡ್ಬೇಡ್ವಾ? ಕೋಳಿ ಇನ್ನೆಷ್ಟಿದಾವೆ?"

ಫಿದೆನ್ಸಿಯೊ ಬಾಗಿಲು ಮುಂದಕ್ಕೆ ಹಾಕಿ ಮಲಗಿದ. ಗಡಿಗೆ ಹೋದಂದಿನಿಂದ ಅವನಿಗೆ ನಿದ್ದೆ ಇರಲಿಲ್ಲ. ಅಂದು ಬಂತು. ಮನೆಯಲ್ಲಿ ಒಬ್ಬನೇ ಇರಲಿಲ್ಲ.

ಬೆಳಿಗ್ಗೆ ಎದ್ದು ಮಗಳಿಗೆ ಫೋನು ಮಾಡಿದ.

"ಅಪ್ಪಾ! ವೀಸಾ ಸಿಕ್ತಂತಲ್ಲ? ಯಾವಾಗ ಬರ್ತೀಯ?"

"ನಿಮ್ಮಮ್ಮ ಸತ್ತ ಮೇಲೆ."



"ಆಯ್ತಪ್ಪ," ಎಂದಳು ಅರಾಸೆಲಿ. "ಅವಳಿಗೆ ಅವಸರ ಮಾಡ್ಬೇಡ."