ಹಿಂದಿನ ಸೀಟಿನ ಕುಂಯ್ ಸದ್ದು

ಎಲ್ಲಕ್ಕೂ ಕಾರಣ ಅತ್ತೆಯವರು ಶುಕ್ರವಾರ ಊಟದ ಹೊತ್ತಿಗೆ ಆಡಿದ ಒಂದು ಮಾತು.

“ದೊಡ್ಡಳಿಯಂದ್ರ ಕಾರಲ್ಲಿ ಹಾಡು ಹಾಕಿದ್ರೆ ಒಂದೊಂದು ಅಕ್ಷರಾನೂ ಕೇಳ್ಸುತ್ತೆ. ಈ ಕಾರಲ್ಲಿ ಏನೂ ಕೇಳ್ಸಲ್ಲ. ಎರಡು ಗಂಟೆ ದಾರಿ ಬಾಯಿಗೆ ಬೀಗ ಹಾಕ್ಕೊಂಡು ಕೂರೋಕೆ ನನ್ ಕೈಲಾಗಲ್ಲಪ್ಪ. ಭಾನುವಾರ ನಾನು ಇದಕ್ಕೆ ಹತ್ತಲ್ಲ.”

ಅಳಿಯನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅತ್ತೆಯವರದು ಆರು ತಿಂಗಳು ದೊಡ್ಡ ಮಗಳ ಮನೆ, ಆರು ತಿಂಗಳು ಚಿಕ್ಕ ಮಗಳ ಮನೆ. ಈ ಮನೆಯ ಆರು ತಿಂಗಳು ಭಾನುವಾರ ಸಂಜೆ ಐದಕ್ಕೆ ಮುಗಿಯುವುದಿತ್ತು. ಆ ದಿನಕ್ಕೆ ಅಳಿಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟುಕೊಂಡು ಕಾಯುತ್ತಿದ್ದರು. ಗಾಬರಿಯಿಂದ ಷಡ್ಡಕನಿಗೆ ಫೋನು ಮಾಡಿದರೆ ಅವನು ನಕ್ಕು ಹೇಳಿದ, “ನಿಮ್ಮ ಕಾರು ಬೇಡ ಅಂದ್ರಾ? ಬಿಡಿ, ನಾನೇ ಬಂದು ಕರ್ಕೊಂಡ್ ಬರ್ತೀನಿ. ಆದ್ರೆ ಈಗ ಪುರುಸೊತ್ತಿಲ್ಲ, ಇನ್ನು ಮೂರು ತಿಂಗಳಾಗ್ಲಿ.”

ಮೂರು ತಿಂಗಳು! ಕೇಳಿಸದೆ ಇರುವುದು ಇವರ ಕಿವಿಗೆ, ಹೆಸರು ಕೆಡುವುದು ತನ್ನ ಕಾರಿಂದು! ಇದು ಯಾವ ಊರಿನ ನ್ಯಾಯ?

ಅಳಿಯ ಸಾರ್ವಜನಿಕ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷದಿಂದ ಗ್ರಂಥಪಾಲಕ. ಓದುಗರಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿ ತೋರಿಸಿ, ಬೀದಿಯಲ್ಲೆಲ್ಲ ‘ಸೈಲೆನ್ಸ್ ಸಾರ್’ ಎಂದೇ ಹೆಸರಾಗಿತ್ತು. ಪುಸ್ತಕದ ಹಾಳೆ ಹರಿದವನನ್ನು ಗ್ರಂಥಾಲಯದಲ್ಲಿ ಕೂಗಿ ಬೈಯುವ ಹಾಗಿಲ್ಲವಲ್ಲ, ಹಾಗಾಗಿ ತುಟಿ ಅಲ್ಲಾಡಿಸದೆ ಮೂಗಿನಲ್ಲೇ ಬೈಯುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಆ ವಿದ್ಯೆ ಪೂರ್ತಿ ಉಪಯೋಗಕ್ಕೆ ಬಂದದ್ದು ಮಾತ್ರ ಈ ಆರು ತಿಂಗಳಲ್ಲಿ. “ಅತ್ತೇ, ಇನ್ನೊಂದು ಚೂರು ಕಾಫಿ ಹಾಕ್ಲಾ?” ಎಂದು ಬೀದಿಗೆ ಕೇಳುವಂತೆ ಕೂಗುವುದು, ಹಿಂದೆಯೇ ನಗುನಗುತ್ತಾ, ಮೆಲ್ಲಗೆ, “ಇದು ಐದನೇ ಲೋಟ, ಹೊಟ್ಟೆಯೋ ನೀರಿನ ತೊಟ್ಟಿಯೋ” ಎನ್ನುವುದು. ಅತ್ತೆಯವರಿಗೆ ಮೊದಲನೆಯದಷ್ಟೇ ಕೇಳಿಸುತ್ತಿತ್ತು. ಪಾಪ, ಸೈಲೆನ್ಸ್ ಸಾರ್‌ಗೆ ಮನೆಯಲ್ಲಿ ಉಳಿದಿದ್ದ ಸುಖವೆಂದರೆ ಇದೊಂದೇ.

ಶನಿವಾರ ಸಂಜೆ ಅವರು ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್, ಒಂದು ಸುರುಳಿ ತಂತಿ ಹೊತ್ತುಕೊಂಡು ಮನೆಗೆ ಬಂದರು. ಹೆಂಡತಿ ಡಬ್ಬ ನೋಡಿ ಏನೋ ಹೇಳಲು ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡಳು.

“ಏನು?”

“ಏನಿಲ್ಲ. ಇಷ್ಟು ಖುಷಿಯಾಗಿ ತಂದಿದ್ದೀರಲ್ಲ... ಇರ್ಲಿ ಬಿಡಿ.”

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗೇಟಿನ ಮುಂದೆ ಕೆಲಸ ಶುರುವಾಯಿತು. ಅತ್ತೆಯವರು ಎಂದಿನಂತೆ ತಲೆಗೂ ಕಿವಿಗೂ ಉಣ್ಣೆಯ ಸ್ಕಾರ್ಫ್ ಬಿಗಿದುಕೊಂಡು ಜಗುಲಿಯ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಇವತ್ತು ಯಾಕೋ ಟಿವಿ ಹಾಕಿರಲಿಲ್ಲ. ಅಳಿಯನ ಒದ್ದಾಟವೇ ಸಾಕು ಎನಿಸಿರಬೇಕು.

ಸೈಲೆನ್ಸ್ ಸಾರ್ ಕೈಪಿಡಿಯನ್ನು ಮೂರು ಸಲ ಓದಿದ್ದರು. ಮೊದಲ ಪುಟದಲ್ಲೇ ಇತ್ತು: ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚದೆ ಏನನ್ನೂ ಮುಟ್ಟಬೇಡಿ, ಕೈಯಲ್ಲಿ ಉಂಗುರ, ಗಡಿಯಾರ ಇದ್ದರೆ ತೆಗೆದಿಡಿ. ಮದುವೆಯ ಉಂಗುರ ಹದಿನಾಲ್ಕು ವರ್ಷದ ಮೇಲೆ ಸೋಪು ಹಚ್ಚಿದಾಗಲೇ ಹೊರಬಂತು. ಅದನ್ನು ಜಗುಲಿಯ ಕಟ್ಟೆಯ ಮೇಲೆ, ಅತ್ತೆಯ ಪಕ್ಕದಲ್ಲೇ ಇಟ್ಟು, ಬಾಯ್ತುಂಬ ನಕ್ಕು, ಮೂಗಿನಲ್ಲಿ ಗೊಣಗಿದರು: “ಹದಿನಾಲ್ಕು ವರ್ಷದಲ್ಲಿ ಇವತ್ತೇ ಕೈ ಹಗುರಾಗಿದ್ದು. ಸಂಜೆ ಐದಕ್ಕೆ ತಲೇನೂ ಹಗುರಾಗುತ್ತೆ.”

ಅತ್ತೆಯವರು ಉಂಗುರವನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿ ತಲೆಯಾಡಿಸಿದರು.

ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಸರಿಸಿದ್ದೇ ತಡ, ಮಹಡಿ ಮನೆಯ ಡ್ರೈವಿಂಗ್ ಮೇಷ್ಟ್ರು ಇಳಿದು ಬಂದ. ಡ್ರೈವಿಂಗ್ ಶಾಲೆ ನಡೆಸುವ ಅವನಿಗೆ ಬೀದಿಯವರು ಇಟ್ಟ ಹೆಸರು ‘ಎಲ್ ಬೋರ್ಡ್’. ಯಾರದೇ ಬಾನೆಟ್ ತೆರೆದರೂ ಅವನ ಮೂಗು ಅದರೊಳಗೆ ಇರುತ್ತಿತ್ತು.

“ನೆಗೆಟಿವ್ ಯಾಕ್ ಬಿಚ್ಚಿದ್ರಿ ಸಾರ್? ಹನ್ನೆರಡು ವೋಲ್ಟು ಏನ್ ಮಾಡುತ್ತೆ, ಕಚಗುಳಿನೂ ಇಡಲ್ಲ.”

“ಶಾಕ್ ಹೊಡೆಯೋ ವಿಷಯ ಅಲ್ಲಪ್ಪ. ಪಾಸಿಟಿವ್‌ಗೆ ಸ್ಪ್ಯಾನರ್ ತಗುಲಿ ಅದೇ ಸ್ಪ್ಯಾನರ್ ಕಾರಿನ ಬಾಡಿಗೂ ತಾಗಿದ್ರೆ ಕೆಂಡ ಆಗುತ್ತೆ. ಕೈಪಿಡಿ ಓದು.”

“ಓದಿದೋರೆಲ್ಲ ಹೀಗೇ ಹೆದ್ರೋದು,” ಎಂದ ಎಲ್ ಬೋರ್ಡ್.

ಆಗಲೇ ಎದುರುಮನೆಯ ನಿವೃತ್ತ ಹೆಡ್ಮಾಸ್ತರು ಕೈಕಟ್ಟಿಕೊಂಡು ಬಂದರು. ಸೈಲೆನ್ಸ್ ಸಾರ್ ಬ್ಯಾಟರಿಯ ಪಾಸಿಟಿವ್‌ಗೆ ಕಟ್ಟಿದ ಕೆಂಪು ತಂತಿಗೆ ಒಂದು ಗೇಣು ದೂರದಲ್ಲಿ ಫ್ಯೂಸ್ ಡಬ್ಬಿ ಜೋಡಿಸುತ್ತಿದ್ದರು. ಹೆಡ್ಮಾಸ್ತರು ತಪ್ಪು ಲೆಕ್ಕ ಕಂಡವರಂತೆ ಲೊಚಗುಟ್ಟಿದರು.

“ಏನಯ್ಯಾ, ಬುದ್ಧಿ ಇದೆಯಾ? ಕಾಪಾಡಬೇಕಾಗಿರೋದು ಡಿಕ್ಕೀಲಿರೋ ಆಂಪ್ಲಿಫೈಯರನ್ನ. ಫ್ಯೂಸ್ ತಗೊಂಡ್ಹೋಗಿ ಇಲ್ಲಿ ಇಡ್ತೀಯಲ್ಲ!”

“ಈ ಫ್ಯೂಸ್ ಇರೋದು ತಂತೀನ ಕಾಪಾಡೋಕೆ ಸಾರ್. ದಾರೀಲೆಲ್ಲೋ ತಂತಿ ಉಜ್ಜಿ ಕಾರಿನ ಕಬ್ಬಿಣಕ್ಕೆ ತಾಗಿದ್ರೆ, ಫ್ಯೂಸ್ ಹಿಂದುಗಡೆ ಇದ್ದು ಏನ್ ಪ್ರಯೋಜನ? ಕಾರು ಹತ್ಕೊಂಡು ಉರಿಯುತ್ತೆ.”

“ನಾನು ಮೂವತ್ತು ವರ್ಷ ವಿಜ್ಞಾನ ಹೇಳ್ಕೊಟ್ಟೋನು.”

ಸೈಲೆನ್ಸ್ ಸಾರ್ ಹಲ್ಲು ಕಚ್ಚಿಕೊಂಡು ಹಿಂದಿನ ಸೀಟಿನ ಕೆಳಗೆ ತಲೆ ತೂರಿಸಿ, ಕೆಂಪು ತಂತಿಯನ್ನು ಎಳೆಯತೊಡಗಿದರು. ಇನ್ನೂ ಅದರ ತುದಿಗೆ ಏನನ್ನೂ ಜೋಡಿಸಿರಲಿಲ್ಲ, ಬರಿಯ ತಾಮ್ರ ಹೊರಗೆ ಇಣುಕಿ ಸೀಟಿನ ಕಬ್ಬಿಣಕ್ಕೆ ತಾಗುತ್ತಿತ್ತು. ಅಷ್ಟರಲ್ಲಿ ಮುಂದುಗಡೆ ಎಲ್ ಬೋರ್ಡ್, “ಪಾಪ, ಬಿಚ್ಚಿಟ್ಟು ಮರ್ತೇ ಬಿಟ್ಟಿದ್ದಾರೆ,” ಎಂದು ತಾನೇ ನೆಗೆಟಿವ್ ಸಿಕ್ಕಿಸಿ ತಿರುಗಿಸಿಬಿಟ್ಟ.

ಚಟ್ಟೆಂದು ಕಿಡಿ ಹಾರಿತು. ಸೈಲೆನ್ಸ್ ಸಾರ್ ಬೆಚ್ಚಿಬಿದ್ದು ತಲೆಯನ್ನು ಸೀಟಿನ ಕಬ್ಬಿಣಕ್ಕೆ ಕುಟ್ಟಿಕೊಂಡರು. ಫ್ಯೂಸ್ ಸುಟ್ಟಿತು. ಅದು ಹೆಡ್ಮಾಸ್ತರು ಹೇಳಿದಲ್ಲಿ ಇದ್ದಿದ್ದರೆ ಸುಡುತ್ತಿದ್ದುದು ತಂತಿ, ಅದರ ಜೊತೆಗೆ ಅಳಿಯನ ಮೀಸೆ.

“ಯಾರಯ್ಯ ಅದು ಮುಟ್ಟಿದ್ದು?” ಎಂದು ಅವರು ಕೂಗಿದ ಕೂಗಿಗೆ ಬೀದಿಯ ಕಿಟಕಿಗಳು ತೆರೆದುಕೊಂಡವು.

“ಸಹಾಯ ಮಾಡಿದ್ದಕ್ಕೆ ಬೈತೀರಲ್ಲ ಸಾರ್! ಫ್ಯೂಸ್ ತಾನೆ ಹೋಗಿದ್ದು? ಕೊಡಿ, ಒಂದೆಳೆ ತಾಮ್ರ ಸುತ್ತಿ ಕೊಡ್ತೀನಿ, ಜನ್ಮದಲ್ಲಿ ಸುಡಲ್ಲ.”

“ಸುಡ್ಬೇಕು ಕಣಯ್ಯಾ! ಸುಡೋದೇ ಅದರ ಕೆಲಸ!”

ಡಬ್ಬದಲ್ಲಿ ಇನ್ನೊಂದು ಫ್ಯೂಸ್ ಇದ್ದದ್ದು ಪುಣ್ಯ. ನೆಗೆಟಿವನ್ನು ಮತ್ತೆ ಬಿಚ್ಚಿ, ಅದಕ್ಕೆ ಬಟ್ಟೆ ಸುತ್ತಿ, ಸೈಲೆನ್ಸ್ ಸಾರ್ ಜಗುಲಿಗೆ ನೀರು ಕುಡಿಯಲು ಹೋದರು. ಅತ್ತೆಯವರು ಅವರ ಹಣೆಯ ಬುಗುಟನ್ನು ನೋಡುತ್ತಿದ್ದರು.

“ಪೆಟ್ಟಾಯ್ತಾ ಅಳಿಯಂದ್ರೇ?”

“ಇಲ್ಲ ಅತ್ತೇ!” ಎಂದು ಕೂಗಿ, ನೀರಿನ ಲೋಟದೊಳಕ್ಕೆ ಬಾಯಿಟ್ಟು ಉಳಿದದ್ದನ್ನು ಹೇಳಿದರು: “ನಿಮ್ಮನ್ನ ಸಾಗಹಾಕೋಕೆ ಇನ್ನೊಂದು ತಲೆ ಬೇಕಾದ್ರೂ ಒಡ್ಕೋತೀನಿ. ಭೂಮಿ ಮೇಲೆ ಇಷ್ಟು ಜನಕ್ಕೆ ಕಿವಿ ಕೇಳ್ಸುತ್ತೆ, ನನ್ನ ಹಣೇಲಿ ಬರೆದಿದ್ದು ಈ ಕಲ್ಲುಕಂಬ.”

“ಒಳ್ಳೇದು,” ಎಂದರು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಆಂಪ್ಲಿಫೈಯರ್ ಡಿಕ್ಕಿಯಲ್ಲಿ ಕೂತಿತು. ಉಳಿದದ್ದು ಕಪ್ಪು ತಂತಿ, ಅದು ಹೋಗಬೇಕಾದದ್ದು ಕಾರಿನ ಮೈಗೆ. ಕೈಪಿಡಿಯ ಪ್ರಕಾರ ಅಲ್ಲಿಯ ಬಣ್ಣವನ್ನು ಉಜ್ಜಿ ತೆಗೆದು, ಬರಿಯ ಕಬ್ಬಿಣಕ್ಕೆ ಬೋಲ್ಟು ಬಿಗಿಯಬೇಕು. ಸ್ಯಾಂಡ್ ಪೇಪರ್ ಕೈಗೆತ್ತಿಕೊಂಡರೋ ಇಲ್ಲವೋ, ಹೆಡ್ಮಾಸ್ತರು ಅವರ ಕೈಯನ್ನೇ ಹಿಡಿದರು.

“ಬಣ್ಣ ಕೆರೆದ್ರೆ ತುಕ್ಕು ಹಿಡಿಯುತ್ತೆ. ಆರನೇ ಕ್ಲಾಸಿನ ಪಾಠ. ಕೆರೀಕೂಡದು!”

ಹೆಡ್ಮಾಸ್ತರ ಕೈ ಬಿಡಿಸಿಕೊಳ್ಳುವುದು ಸಾಧ್ಯವಾಗದೆ ಬಣ್ಣದ ಮೇಲೇ ಬೋಲ್ಟು ಬಿಗಿದದ್ದಾಯಿತು. ಇಂಜಿನ್ ಹಾಕಿ ಹಾಡು ಹಚ್ಚಿದರೆ ಹಾಡಿನ ಹಿಂದೆ ಒಂದು ಕುಂಯ್ ಸದ್ದು. ಆಕ್ಸಿಲರೇಟರ್ ಒತ್ತಿದಂತೆ ಅದೂ ಏರಿತು, ಬಿಟ್ಟಂತೆ ಇಳಿಯಿತು. ಎಲ್ ಬೋರ್ಡ್ ಸ್ಪೀಕರ್ ಬದಲಾಯಿಸಬೇಕೆಂದ. ಹೆಡ್ಮಾಸ್ತರು ಹಾಡನ್ನೇ ಬದಲಾಯಿಸಬೇಕೆಂದರು.

ಸೈಲೆನ್ಸ್ ಸಾರ್ ಕೈಪಿಡಿಯನ್ನು ಇಬ್ಬರ ಮೂಗಿಗೂ ಹಿಡಿದರು. “ಇಂಜಿನ್ ಜೊತೆ ಏರಿ ಇಳಿಯೋ ಸದ್ದು ಬಂದ್ರೆ ಮೊದಲು ಕಪ್ಪು ತಂತಿ ನೋಡು ಅಂತಿದೆ! ಅಚ್ಚಾಗಿದೆ! ಇಪ್ಪತ್ತೆರಡನೇ ಪುಟ! ದೂರ ನಿಂತ್ಕೊಳ್ಳಿ ಇಬ್ಬರೂ!”

ನೆಗೆಟಿವ್ ಬಿಚ್ಚಿ, ಬಣ್ಣ ಉಜ್ಜಿ, ಕಬ್ಬಿಣ ಬೆಳ್ಳಗೆ ಹೊಳೆದ ಮೇಲೆ ಬಿಗಿದರು. ಎಲ್ ಬೋರ್ಡ್ ಅಂದವಾಗಿರಲಿ ಎಂದು ಕೆಂಪು ತಂತಿಯ ಜೊತೆ ಸೇರಿಸಿ ಕಟ್ಟಿದ್ದ ಹಾಡಿನ ತಂತಿಯನ್ನು ಬಿಡಿಸಿ, ಕಾರಿನ ಇನ್ನೊಂದು ಬದಿಯಿಂದ ತಂದರು. ಇಂಜಿನ್ ಹಾಕಿದರು. ಹಾಡು ತೊಳೆದಿಟ್ಟ ಹಾಗೆ ಕೇಳಿಸಿತು. ಕುಂಯ್ ಇಲ್ಲ. ಗಂಟೆ ನಾಲ್ಕು. ಅವರ ಕಣ್ಣಲ್ಲಿ ನೀರೇ ಬಂತು.

“ಅತ್ತೇ! ಬನ್ನಿ, ಕೂತು ನೋಡಿ!”

ಅತ್ತೆಯವರು ಬಂದು ಹಿಂದಿನ ಸೀಟಿನಲ್ಲಿ ಕೂತು, ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು.

ಕುಂಯ್ಯ್...

ಈ ಸಲದ್ದು ಬೇರೆ ಕುಂಯ್, ಸೊಳ್ಳೆಯ ಹಾಗೆ ಸಣ್ಣಗೆ. ಆಕ್ಸಿಲರೇಟರ್ ಬಿಟ್ಟರೂ ಇಳಿಯಲಿಲ್ಲ. ಇಂಜಿನ್ ಆರಿಸಿದರೂ ಹೋಗಲಿಲ್ಲ. ಹಾಡು ನಿಲ್ಲಿಸಿದ ಮೇಲಂತೂ ಇನ್ನೂ ಚೆನ್ನಾಗಿ ಕೇಳಿಸಿತು.

“ಕುಂಯ್ ಅಂತಾ ಇದೆಯಾ ಅತ್ತೇ?”

“ನಂಗೇನೂ ಕುಂಯ್ ಕೇಳ್ಸಲ್ಲಪ್ಪ.”

“ನಿಮಗೆ ಬಾಂಬ್ ಸಿಡಿದ್ರೂ ಕೇಳ್ಸಲ್ಲ,” ಎಂದು ಮೂಗಿನಲ್ಲಿ ಗೊಣಗಿ, ಅವರನ್ನು ಇಳಿಸಿದರು. ಸದ್ದು ನಿಂತಿತು. ಕೂರಿಸಿ ಒರಗಿಸಿದರು. ಕುಂಯ್. ಮತ್ತೆ ಇಳಿಸಿದರು. ನಿಶ್ಶಬ್ದ. ಹೆಡ್ಮಾಸ್ತರು ಕೆಮ್ಮಿ ತೀರ್ಪು ಕೊಟ್ಟರು: “ಭಾರಕ್ಕೆ ಸೀಟಿನ ಕೆಳಗೆ ತಂತಿ ಒತ್ತುತ್ತಿದೆ.” ಬೆಳಗಿನಿಂದ ಅವರು ಆಡಿದ ಮಾತಿನಲ್ಲಿ ಸೈಲೆನ್ಸ್ ಸಾರ್ ಒಪ್ಪಿದ್ದು ಇದೊಂದನ್ನೇ.

“ಒತ್ತದೆ ಇರುತ್ತಾ?” ಎಂದು ಗೊಣಗುತ್ತಾ ಅವರು ಸೀಟನ್ನು ಕಿತ್ತರು. “ಆರು ತಿಂಗಳು ನನ್ನ ಮನೆ ಅನ್ನ ತಿಂದು ಬೆಳೆಸಿದ ಮೈ ಅದು. ತಂತಿ ಏನು, ಸೇತುವೆನೇ ಬಗ್ಗುತ್ತೆ.”

ತಂತಿಗಳನ್ನೆಲ್ಲ ಅಂಚಿಗೆ ಸರಿಸಿ, ಸೀಟು ಕೂರಿಸಿ, ಅತ್ತೆಯನ್ನೂ ಕೂರಿಸಿದರು. ಕುಂಯ್. ಫ್ಯೂಸ್ ಕಿತ್ತರು. ಕುಂಯ್. ಕಡೆಗೆ ನೆಗೆಟಿವನ್ನೇ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತರು. ಇಡೀ ಕಾರಿನಲ್ಲಿ ಒಂದು ಹನಿ ಕರೆಂಟಿಲ್ಲ, ಆದರೂ ಕುಂಯ್!

“ಕರೆಂಟೇ ಇಲ್ದೆ ಅದ್ಹೇಗ್ರೀ ಕೂಗುತ್ತೆ!” ಸೈಲೆನ್ಸ್ ಸಾರ್ ಕೈಪಿಡಿಯನ್ನು ನೆಲಕ್ಕೆ ಬಡಿದರು. “ಯಾವ ಪುಟದಲ್ಲೂ ಇಲ್ಲ ಇದು! ಬೆಳಿಗ್ಗೆಯಿಂದ ಸಾಯ್ತಾ ಇದೀನಿ!”

ಗಂಟೆ ಐದಕ್ಕೆ ಐದು ನಿಮಿಷ. ಹೆಂಡತಿ ಅಮ್ಮನ ಬ್ಯಾಗು ಹಿಡಿದು ಹೊರಗೆ ಬಂದಳು, ಒಂದು ಕ್ಷಣ ಕಿವಿಗೊಟ್ಟಳು, ಕಾರಿನೊಳಗೆ ಬಗ್ಗಿದಳು.

“ಅಮ್ಮಾ, ಆ ಸ್ಕಾರ್ಫ್ ತೆಗೀಮ್ಮ, ಸೀಟಿಗೆ ಒರಗಿದ್ರೆ ಅದು ಒತ್ತುತ್ತೆ. ಮೇಲಿಂದ ಒತ್ತಿದ್ರೆ ಮಷೀನು ಕೂಗುತ್ತೆ ಅಂತ ಡಾಕ್ಟ್ರು ಹೇಳಿದ್ರಲ್ಲ?”

ಅತ್ತೆಯವರು ಸ್ಕಾರ್ಫ್ ಬಿಚ್ಚಿದರು. ಕುಂಯ್ ನಿಂತಿತು. ಬಲಗಿವಿಯ ಹಿಂದೆ ಗೋಡಂಬಿಯಷ್ಟು ದೊಡ್ಡ, ಚರ್ಮದ ಬಣ್ಣದ್ದೇನೋ ಒಂದು ಕೂತಿತ್ತು.

“ಏನದು?” ಎಂದು ಕೇಳಿದ ಸೈಲೆನ್ಸ್ ಸಾರ್ ಧ್ವನಿ ಅವರಿಗೇ ಗುರುತಾಗಲಿಲ್ಲ.

“ಕಿವಿ ಮಷೀನು. ನಿನ್ನೆ ಮಧ್ಯಾಹ್ನ ಹಾಕಿಸ್ಕೊಂಡು ಬಂದ್ವಿ. ನೀವು ಅಷ್ಟು ದೊಡ್ಡ ಡಬ್ಬ ತಂದಿದ್ದು ನೋಡಿ ಹೇಳೋಕೆ ಮನಸ್ಸಾಗ್ಲಿಲ್ಲ ರೀ. ಒಂದಿನ ಸುಮ್ನೆ ಕೂತು ಮನೆ ಸದ್ದು ಕೇಳಿ ಅಭ್ಯಾಸ ಮಾಡ್ಕೊಳ್ಳಿ ಅಂದಿದ್ರು ಡಾಕ್ಟ್ರು.”

“ಅಭ್ಯಾಸ ಆಯ್ತು,” ಎಂದರು ಅತ್ತೆ.

ಎಲ್ ಬೋರ್ಡ್ ಮೆಲ್ಲಗೆ ಮಹಡಿ ಮೆಟ್ಟಿಲ ಕಡೆ ನಡೆದ. ಹೆಡ್ಮಾಸ್ತರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಸೈಲೆನ್ಸ್ ಸಾರ್ ಮಾತ್ರ ನೆಗೆಟಿವ್ ತಂತಿ ಹಿಡಿದುಕೊಂಡು ನಿಂತೇ ಇದ್ದರು. ನೀರಿನ ತೊಟ್ಟಿಯ ಮಾತು ಹಳೆಯದು, ಬಚಾವು. ಆದರೆ ಕಲ್ಲುಕಂಬ ಇವತ್ತಿನದು. ಸೇತುವೆಯೂ ಇವತ್ತಿನದೇ.

“ಹಾಡು ಹಾಕಿ ಅಳಿಯಂದ್ರೇ.”

ತಂತಿ ಸಿಕ್ಕಿಸಿ, ಫ್ಯೂಸ್ ಕೂರಿಸಿ, ಹಾಡು ಹಾಕಿದರು. ಅತ್ತೆಯವರು ಪೂರ್ತಿ ಒಂದು ಹಾಡು ಕೇಳಿದರು.

“ಚೆನ್ನಾಗಿದೆ. ಸುಳ್ಳು ಯಾಕ್ ಹೇಳ್ಲಿ, ದೊಡ್ಡಳಿಯಂದ್ರ ಕಾರಿಗಿಂತ ಚೆನ್ನಾಗಿದೆ.”

ಆರು ತಿಂಗಳಿಂದ ಕಾದ ಮಾತು! ಸೈಲೆನ್ಸ್ ಸಾರ್‌ಗೆ ಹೋದ ಜೀವ ಬಂತು. ಓಡಿಹೋಗಿ ಡಿಕ್ಕಿ ತೆರೆದು, “ಬ್ಯಾಗ್ ಕೊಡೇ, ಹೊರಡೋಣ,” ಎಂದರು.

ಅತ್ತೆಯವರು ಕಾರಿನಿಂದ ಇಳಿದು ಜಗುಲಿಗೆ ನಡೆದರು. ಕಟ್ಟೆಯ ಮೇಲಿನ ಉಂಗುರವನ್ನು ಎತ್ತಿ ಮಗಳ ಅಂಗೈಗೆ ಹಾಕಿದರು.

“ಇದು ತೆಗೆದ್ಮೇಲೆ ಕೈ ಹಗುರಾಯ್ತಂತೆ ಕಣೇ, ಇಟ್ಕೋ. ಬ್ಯಾಗ್ ಒಳಗಡೆ ಇಡು. ಆರು ತಿಂಗಳು ಈ ಮನೇಲಿದ್ರೂ ಒಂದು ಮಾತೂ ಕಿವಿಗೆ ಬಿದ್ದಿರ್ಲಿಲ್ಲ ನಂಗೆ. ಇನ್ನೊಂದು ಆರು ತಿಂಗಳಿದ್ದು, ಎಲ್ಲಾ ಕೇಳ್ಕೊಂಡೇ ಹೋಗ್ತೀನಿ.”

“ಅತ್ತೇ! ಹಾಗಲ್ಲ ಅತ್ತೇ! ನಾನು ಹೇಳಿದ್ದು...” ಸೈಲೆನ್ಸ್ ಸಾರ್ ಬೀದಿಯೆಲ್ಲ ಮೊಳಗುವಂತೆ ಕೂಗಿದರು.

ಅತ್ತೆಯವರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಕಿವಿಯ ಹಿಂದಿನ ಮಷೀನನ್ನು ಬೆರಳಿನಿಂದ ಸರಿಮಾಡಿಕೊಂಡರು.

“ಕಿರುಚಬೇಡಿ ಅಳಿಯಂದ್ರೇ. ಬೆಳಿಗ್ಗೆಯಿಂದ ಹೇಳಿದ್ರಲ್ಲ, ಹಾಗೇ ಮೆಲ್ಲಗೆ ಹೇಳಿ.”