ಹಾಲಲ್ಲಿ ಹಾಕಿದ ಹಲ್ಲು

ಬೆಳಗಿನ ಬಟ್ಟೆಯೆಲ್ಲ ಒಗೆದಾಗಿತ್ತು, ಒಂದು ದೊಡ್ಡ ಹೊದಿಕೆ ಮಾತ್ರ ಹಗ್ಗಕ್ಕೆ ಹಾಕಲು ಉಳಿದಿತ್ತು. ಬ್ಯಾಂಡಿನಲ್ಲಿ ತುತ್ತೂರಿ ಊದುವುದರಿಂದ ಬೀದಿಗೆಲ್ಲ ‘ತುತ್ತೂರಿ’ಯೇ ಆಗಿಹೋಗಿದ್ದ ಅವನು ಅದರ ಒಂದು ತುದಿಯನ್ನು ಹೆಗಲಿಗೇರಿಸಿ, ಗಾಡಿ ಎತ್ತಿನಂತೆ ಮುಂದಕ್ಕೆ ಎಳೆದ. ಹಿಂದಿನ ತುದಿ, ಬಟ್ಟೆ ಕ್ಲಿಪ್ಪುಗಳ ಜೊತೆಗೆ, ಆರು ವರ್ಷದ ಮಗಳ ಪಾಲಿಗಿತ್ತು.

“ಗಟ್ಟಿಯಾಗಿ ಹಿಡ್ಕೊಂಡಿದ್ದೀಯಾ ಪುಟ್ಟಿ?”

“ಹ್ಞೂಂ.”

ಇನ್ನೊಮ್ಮೆ ಎಳೆದ. ಹಿಂದಿನ ತುದಿ ಸಟ್ಟನೆ ಸಡಿಲಾಯಿತು. ತುತ್ತೂರಿ ಮುಗ್ಗರಿಸಿ ಹೋಗಿ ಅಂಗಳದ ನಲ್ಲಿಗೆ ಬಾಯಿ ಕೊಟ್ಟ. ಎದ್ದಾಗ ಬಾಯ್ತುಂಬ ರಕ್ತ. ಮುಂದಿನ ಹಲ್ಲಿದ್ದ ಜಾಗದಲ್ಲಿ ಗಾಳಿ ಆಡುತ್ತಿತ್ತು.

ಪಕ್ಕದ ಮನೆಯ ಟೈಲರ್ ಓಡಿಬಂದ. ಅಜ್ಜಿ ಬಾಗಿಲಿಗೆ ಬಂದು, “ಹೋದ್ರೆ ಹೋಗ್ಲಿ ಬಿಡೋ ಮಗನೇ. ನಂಗೆ ಒಂದೂ ಇಲ್ಲ, ನಾನು ಬದುಕಿಲ್ವಾ?” ಎಂದಳು.

“ನೀನು ತುತ್ತೂರಿ ಊದಲ್ವಲ್ಲ ಅಮ್ಮಾ” ಎನ್ನಲು ಹೋದ. ಬಾಯಿಂದ ಬರೀ ‘ಫುಸ್’ ಬಂತು. ಆ ಹಲ್ಲಿನ ಆಸರೆಯಿಲ್ಲದೆ ತುತ್ತೂರಿ ಊದುವುದೆಂದರೆ ಕಂಬವಿಲ್ಲದೆ ಚಪ್ಪರ ಹಾಕಿದಂತೆ. ಅವನ ಕಣ್ಣು ತುಂಬಿತು.

ಮೇಲಿನ ಮನೆಯ ಟೀಚರ್ ಹಾಲಿನ ಲೋಟದೊಂದಿಗೇ ಇಳಿದು ಬಂದರು. “ಬಟ್ಟೆ ಕಚ್ಚಿ ಹಿಡೀರಿ, ರಕ್ತ ನಿಲ್ಲುತ್ತೆ. ಎಲ್ರೂ ಹಲ್ಲು ಹುಡುಕಿ. ಸಿಕ್ಕಿದ್ರೆ ಬೇರು ಮುಟ್ಟಬಾರದು, ಉಜ್ಜಬಾರದು, ಹಾಲಲ್ಲಿ ಹಾಕಬೇಕು. ಗಂಟೆಯೊಳಗೆ ಡಾಕ್ಟರ್ ಹತ್ರ ಹೋದ್ರೆ ವಾಪಸ್ ಕೂರಿಸ್ತಾರೆ.”

ಎಲ್ಲರೂ ಮಂಡಿಯೂರಿದರು. ಹೊದಿಕೆಯ ಮಡಿಕೆಯಲ್ಲಿ ಟೈಲರನಿಗೆ ಹಲ್ಲು ಸಿಕ್ಕಿತು. “ಉಪ್ಪು ಹಾಕಿ ಒಂದ್ಸಲ ತಿಕ್ಕಿಬಿಡ್ಲಾ?” ಎಂದವನ ಕೈಗೆ ಟೀಚರ್ ಒಂದು ಏಟು ಕೊಟ್ಟು ಹಲ್ಲನ್ನು ಲೋಟಕ್ಕೆ ಬಿಟ್ಟರು.

ಒಳಗೆ ಹೋಗಿದ್ದ ಮಗಳು ಓಡಿಬಂದು ಅಂಗಿ ಜಗ್ಗಿದಳು. “ಅಪ್ಪಾ, ಒಂದ್ ಕೇಳ್ಲಾ?”

“ಫುಮ್ನಿರು ಕಂದ.”

ಟೈಲರನ ಸ್ಕೂಟರಿನಲ್ಲಿ ಮಗಳು ಮಧ್ಯೆ, ಅಪ್ಪ ಹಿಂದೆ, ಅವನ ಕೈಯಲ್ಲಿ ಲೋಟ. ಒಂದೊಂದು ಉಬ್ಬಿಗೂ ಟೈಲರನ ಬೆನ್ನಿಗೆ ಹಾಲಿನ ಅಭಿಷೇಕ.

“ಏನ್ ತುತ್ತೂರಿ, ಹಾಲಿನ ವ್ಯಾಪಾರಕ್ಕೆ ಇಳಿದ್ಯಾ?” ದಾರಿಯಲ್ಲಿ ಯಾರೋ ಕೂಗಿದರು.

“ಅಪ್ಪಾ, ಈಗ ಕೇಳ್ಲಾ?”

“ಆಮೇಲೆ ಮಗಳೇ, ಹಾಲು ಚೆಲ್ಲುತ್ತೆ.”

ಡಾಕ್ಟರಮ್ಮ ಚಿಮಟದಲ್ಲಿ ಹಲ್ಲೆತ್ತಿ ಬೆಳಕಿಗೆ ಹಿಡಿದರು. ಅವರ ಹುಬ್ಬು ಮೇಲೇರಿತು.

“ಇದು ಹಾಲುಹಲ್ಲು.”

“ಹೌದು ಮೇಡಂ, ಮನೆಯಿಂದ ಹಾಲಲ್ಲೇ ತಂದಿದ್ದೀವಿ” ಎಂದ ಟೈಲರ್, ಹೆಮ್ಮೆಯಿಂದ ಒದ್ದೆ ಬೆನ್ನು ತೋರಿಸುತ್ತ.

“ಅಲ್ಲ ರೀ, ಇದು ಮಕ್ಕಳ ಹಲ್ಲು. ಇದಕ್ಕೆ ಬೇರೂ ಇಲ್ಲ ನೋಡಿ. ಇದನ್ನ ಯಾರಿಗೂ ಕೂರಿಸೋಲ್ಲ.”

ಮೂವರೂ ಹುಡುಗಿಯತ್ತ ತಿರುಗಿದರು. ಅವಳು ಬಾಯಿ ತೆರೆದಳು. ಕೆಳಗಿನ ಸಾಲಿನಲ್ಲಿ ಹೊಸದೊಂದು ಕಿಟಕಿ.

“ಕೈಯಲ್ಲಿ ಕ್ಲಿಪ್ಪಿತ್ತಲ್ಲ, ಅದಕ್ಕೆ ಹೊದಿಕೆ ಕಚ್ಕೊಂಡಿದ್ದೆ. ನೀನು ಎಳ್ದೆ. ಅಲ್ಲಾಡ್ತಿದ್ದ ಹಲ್ಲು ಬಂದುಬಿಡ್ತು.”

ತುತ್ತೂರಿ ಕುರ್ಚಿಯಲ್ಲೇ ಕುಸಿದ. ಡಾಕ್ಟರಮ್ಮ ಅವನ ಭುಜ ತಟ್ಟಿದರು. “ಯಾಕೆ ಹೆದರ್ತೀರಿ? ಹೊತ್ತು ಮೀರಿಲ್ಲ. ನಿಮ್ಮ ಹಲ್ಲು ಒಣಗದೆ ಇದ್ರೆ ಈಗಲೂ ಕೂರಿಸಬಹುದು. ಬೇರು ಹಿಡಿದ್ಮೇಲೆ ತುತ್ತೂರಿನೂ ಊದಬಹುದು.”

“ಒಣಗಿಲ್ಲ” ಎಂದಳು ಮಗಳು. “ಅಪ್ಪನ ಹಲ್ಲು ನಲ್ಲಿ ಕೆಳಗೆ ನಂಗೆ ಸಿಕ್ತು. ಬೇರು ಮುಟ್ಲಿಲ್ಲ, ಉಜ್ಜಲಿಲ್ಲ. ಟೀಚರ್ ಹೇಳ್ದಂಗೆ ಹಾಲಲ್ಲೇ ಹಾಕಿದೀನಿ.”

ತುತ್ತೂರಿಗೆ ಹೋದ ಜೀವ ಬಂತು. ಮಗಳನ್ನು ಬಾಚಿ ತಬ್ಬಿಕೊಂಡ. ಟೈಲರ್ ಆಗಲೇ ಸ್ಕೂಟರಿನ ಕೀ ತೆಗೆದಿದ್ದ.

“ನನ್ ಬಂಗಾರ. ಯಾವ ಲೋಟದಲ್ಲಿಟ್ಟೆ?”

“ಲೋಟ ಕೈಗೆಟುಕಲಿಲ್ಲ. ಒಲೆ ಮೇಲೆ ಪಾತ್ರೆ ಇತ್ತಲ್ಲ, ಅದರಲ್ಲಿ.”

ಅಪ್ಪ ಅವಳನ್ನು ಕೆಳಗಿಳಿಸಿ ಮುಖ ನೋಡಿದ. ಕೊನೆಗೂ ತನ್ನ ಪ್ರಶ್ನೆ ಕೇಳುವ ಸರದಿ ಬಂತೆಂದು ಅವಳಿಗೆ ಸಮಾಧಾನವಾಯಿತು.

“ಅಪ್ಪಾ, ಅಜ್ಜಿ ಹಾಲು ಕಾಯಿಸಿದ್ರೆ ಹಲ್ಲೂ ಬೇಯುತ್ತಾ?”